ನಮ್ಮ ಮಕ್ಕಳು ಪರದೇಶಿಗಳಾಗುವ ಮುನ್ನ

(ಪೀಣ್ಯ ಸಮೀಪದ ಸಭಾಂಗಣವೊಂದರಲ್ಲಿ ಪೋಷಕರು ಮತ್ತು ಕಾಲೇಜು ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ವಿದೇಶದಲ್ಲಿ ನಮ್ಮ ಮಕ್ಕಳ ವ್ಯಾಸಂಗದ ಕುರಿತು ಮಾತನಾಡಬೇಕೆಂದು ಸಂಘಟಕರು ಸೂಚಿಸಿದ್ದಾರೆ. ಈ ಸಭೆಯಲ್ಲಿರುವ ಹೆಚ್ಚಿನ ತಂದೆ ತಾಯಂದಿರ ಮನಸ್ಸಿನಲ್ಲಿರುವ ಪ್ರಶ್ನೆಗಳು ನಮಗೆ ಗೊತ್ತು. ಎಷ್ಟು ಖರ್ಚಾಗುತ್ತದೆ? ಮಗ ಕೈತಪ್ಪಿ ಹೋಗುವುದಿಲ್ಲವೇ? ಮಗಳನ್ನು ಕಳುಹಿಸಬಹುದೇ? ಅಲ್ಲಿ ಅವರನ್ನು ಯಾರು ನೋಡಿಕೊಳ್ಳುತ್ತಾರೆ? ಇವೆಲ್ಲಕ್ಕೂ ನಮಗೆ ತಿಳಿದಷ್ಟು ಉತ್ತರ ಕೊಡಲು ಪ್ರಯತ್ನಿಸುತ್ತೇವೆ. ಜೊತೆಗೆ, ತಾವು ಕೇಳದಿರುವ ಇನ್ನೊಂದು ಪ್ರಶ್ನೆಯನ್ನೂ ಕೊನೆಯಲ್ಲಿ ತಮ್ಮ ಮುಂದಿಡುತ್ತೇವೆ. ಅದು ತುಸು ಕಹಿಯಾಗಿದ್ದರೆ ಕ್ಷಮಿಸಬೇಕು.

ನಾವು ಕುಳಿತಿರುವ ಈ ಪರಿಸರವನ್ನೇ ಮೊದಲು ನೋಡೋಣ. ಪೀಣ್ಯದ ಕಾರ್ಖಾನೆಗಳಲ್ಲಿ ಅಚ್ಚು ಕೊರೆಯುವ, ಬಿಡಿಭಾಗಗಳನ್ನು ತಯಾರಿಸುವ ನಿಪುಣರಲ್ಲಿ ಅನೇಕರು ಕೆಲಸ ಕಲಿತದ್ದು ಎಲ್ಲಿ? 1972ರಲ್ಲಿ ಡೆನ್ಮಾರ್ಕ್ ಸರಕಾರದ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪನೆಯಾದ ಜಿಟಿಟಿಸಿಯಲ್ಲಿ. ಅಥವಾ 1959ರಲ್ಲಿ ಸ್ವಿಸ್ ನೆರವಿನಿಂದ ತಲಶ್ಶೇರಿಯ ನೆಟ್ಟೂರಿನಲ್ಲಿ ಆರಂಭವಾಗಿ ಅನಂತರ ಪೀಣ್ಯಕ್ಕೂ ಎಲೆಕ್ಟ್ರಾನಿಕ್ ಸಿಟಿಗೂ ಬಂದ ಎನ್‌ಟಿಟಿಎಫ್‌ನಲ್ಲಿ. ವೈಟ್‌ಫೀಲ್ಡಿನ ಐಟಿಪಿಎಲ್ 1994ರಲ್ಲಿ ಸಿಂಗಾಪುರದ ಸಹಭಾಗಿತ್ವದಲ್ಲಿ ರೂಪುಗೊಂಡಿತು. ಅಂದರೆ ಹೊರಜಗತ್ತು ನಮ್ಮ ಬಾಗಿಲಿಗೆ ಬಂದು ನಮಗೆ ಕಲಿಸಿದೆ, ಕೆಲಸ ಕೊಟ್ಟಿದೆ. ಈಗ ಅದೇ ಕಾರ್ಮಿಕರ, ಅದೇ ತಂತ್ರಜ್ಞರ ಮಕ್ಕಳು ಹೊರಜಗತ್ತಿನ ಬಾಗಿಲು ತಟ್ಟುತ್ತಿದ್ದಾರೆ. ಇದರಲ್ಲಿ ಗಾಬರಿಯಾಗುವಂಥದ್ದೇನೂ ಇಲ್ಲ.

ನಮ್ಮ ಸಮುದಾಯಕ್ಕೆ ಪಾಸ್‌ಪೋರ್ಟ್ ಹೊಸತಲ್ಲ. ಭಟ್ಕಳದಿಂದ, ಮಂಗಳೂರಿನಿಂದ, ಇದೇ ಬೆಂಗಳೂರಿನಿಂದ ಎಷ್ಟೋ ಮಂದಿ ದುಬೈಗೆ, ಜಿದ್ದಾಕ್ಕೆ, ಕುವೈತ್‌ಗೆ ಹೋಗಿ ಮನೆಗಳನ್ನು ಎತ್ತಿ ನಿಲ್ಲಿಸಿದ್ದಾರೆ. ಅವರ ತ್ಯಾಗವನ್ನು ನಾವು ಎಂದಿಗೂ ಕಡೆಗಣಿಸಲಾರೆವು. ಆದರೆ ಕೊಲ್ಲಿಗೆ ಹೋದವನು ಸಾಮಾನ್ಯವಾಗಿ ನಮ್ಮವರ ನಡುವೆಯೇ ಇರುತ್ತಾನೆ. ನಮ್ಮದೇ ಅಡುಗೆ, ನಮ್ಮದೇ ಭಾಷೆ, ನಮ್ಮದೇ ಊರಿನ ಸುದ್ದಿ. ವಿದ್ಯಾರ್ಥಿಯಾಗಿ ಹೋಗುವ ಹುಡುಗನ ಅಥವಾ ಹುಡುಗಿಯ ಸ್ಥಿತಿ ಬೇರೆ. ಅಲ್ಲಿಯ ತರಗತಿಯಲ್ಲಿ ಕುಳಿತು, ಅಲ್ಲಿಯ ಭಾಷೆಯಲ್ಲಿ ಪ್ರಶ್ನೆ ಕೇಳಿ, ಅಲ್ಲಿಯ ಮನೆಗಳಲ್ಲಿ ಬಾಡಿಗೆಗಿದ್ದು ಬದುಕಬೇಕು. ಕೇವಲ ದುಡಿಮೆಗೆ ಬೇಕಾದ ಸಿದ್ಧತೆ ಇದಕ್ಕೆ ಸಾಲದು.

ಒಂದು ಸಲಾಮಿನ ಬೆಲೆ

ಇಬ್ನ್ ಬತೂತನ ಹೆಸರನ್ನು ತಾವೆಲ್ಲ ಕೇಳಿದ್ದೀರಿ. 1325ರಲ್ಲಿ ಮೊರಾಕ್ಕೋದ ತಾಂಜೀರ್ ಪಟ್ಟಣದಿಂದ ಆತ ಹೊರಟಾಗ ವಯಸ್ಸು ಕೇವಲ ಇಪ್ಪತ್ತೊಂದು. ನಮ್ಮ ಮಕ್ಕಳು ಪದವಿ ಮುಗಿಸುವ ವಯಸ್ಸು. ಬೆನ್ನಿಗೊಂದು ಚೀಲ ಕಟ್ಟಿಕೊಂಡು ಹೊರಡುವ ಇಂದಿನ ತರುಣ ಪ್ರಯಾಣಿಕರಿಗೆ ಆತನನ್ನು ಹಿರಿಯಣ್ಣನೆನ್ನಬಹುದು. ಆತ ಕಂಡ ದೇಶಗಳ ಪಟ್ಟಿಯನ್ನು ಎಲ್ಲರೂ ಹೇಳುತ್ತಾರೆ. ಪಯಣದ ಆರಂಭದಲ್ಲಿ ಟ್ಯೂನಿಸ್ ನಗರದ ಹೊರಗೆ ನಡೆದ ಒಂದು ಚಿಕ್ಕ ಘಟನೆಯನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಊರಿನ ಜನ ಬಂದು ಯಾತ್ರಿಕರ ತಂಡದಲ್ಲಿದ್ದ ತಮ್ಮ ತಮ್ಮ ಪರಿಚಿತರನ್ನು ಸ್ವಾಗತಿಸಿದರು. ಎಲ್ಲರೂ ಪರಸ್ಪರ ಸಲಾಮ್ ಹೇಳಿಕೊಂಡರು. ಇವನನ್ನು ಮಾತನಾಡಿಸಿದವರು ಯಾರೂ ಇರಲಿಲ್ಲ. ಆ ಒಂಟಿತನ ತಾಳಲಾರದೆ ತಾನು ಅತ್ತೆನೆಂದು ಆತನೇ ಹೇಳಿಕೊಂಡಿದ್ದಾನೆ. ಯಾತ್ರಿಕನೊಬ್ಬ ಇದನ್ನು ಗಮನಿಸಿ ಹತ್ತಿರ ಬಂದು ಸಲಾಮ್ ಹೇಳಿ, ಊರು ಪ್ರವೇಶಿಸುವವರೆಗೂ ಮಾತನಾಡುತ್ತಾ ಜೊತೆಗೆ ನಡೆದ.

ಇತಿಹಾಸದ ಮಹಾ ಪ್ರವಾಸಿಯೂ ಮೊದಲು ಬಯಸಿದ್ದು ಒಂದು ಸಲಾಮನ್ನು. ಪರದೇಶದಲ್ಲಿ ನಮ್ಮ ಮಕ್ಕಳು ಬಯಸುವುದೂ ಇದನ್ನೇ.

ಇದೇ ಇಬ್ನ್ ಬತೂತ 1340ರ ದಶಕದಲ್ಲಿ ನಮ್ಮ ಕರಾವಳಿಗೂ ಬಂದ. ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನು ಕಂಡ. ಹೊನ್ನಾವರದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವೆಂದೂ ಅಲ್ಲಿಯ ಹೆಂಗಸರು ಕುರ್‌ಆನನ್ನು ಕಂಠಪಾಠ ಮಾಡಿದ್ದರೆಂದೂ ಬರೆದಿದ್ದಾನೆ. ಸುಮಾರು ಏಳು ಶತಮಾನಗಳ ಹಿಂದಿನ ಮಾತು ಇದು! ಹೆಣ್ಣುಮಕ್ಕಳ ವಿದ್ಯೆಯನ್ನು ಹೊರಗಿನಿಂದ ಬಂದ ಹೊಸ ಶೋಕಿಯೆಂದು ಭಾವಿಸುವವರು ಈ ಸಾಲುಗಳನ್ನು ಗಮನಿಸಬೇಕು.

ಇನ್ನೊಂದು ವಿಷಯವನ್ನೂ ಆತ ದಾಖಲಿಸಿದ್ದಾನೆ. ಗೋವೆಯಿಂದ ಕೊಲ್ಲಂವರೆಗಿನ ಕರಾವಳಿಯ ದಾರಿಯಲ್ಲಿ ಪ್ರತಿ ಅರ್ಧ ಮೈಲಿಗೊಂದು ನೆರಳಿನ ಚಾವಡಿ, ದಾರಿಹೋಕರು ಕೂರಲು ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಮನುಷ್ಯ. ನಮ್ಮ ಭಾಷೆಯಲ್ಲಿ ಇದಕ್ಕೆ ಅರವಟ್ಟಿಗೆ ಎನ್ನುತ್ತಾರೆ. ನೀರು ಕೊಡುತ್ತಿದ್ದವರು ಆತನ ಧರ್ಮದವರಾಗಿರಲಿಲ್ಲ. ಕುಡಿಯುವವನು ಯಾವ ದೇಶದವನು, ಯಾವ ಧರ್ಮದವನು ಎಂಬ ಕಾರಣಕ್ಕೆ ಅವರು ನೀರನ್ನು ನಿರಾಕರಿಸಲಿಲ್ಲ. ಈ ಅರವಟ್ಟಿಗೆಯನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕು.

ಲೆಕ್ಕಾಚಾರ ಸ್ಪಷ್ಟವಿರಲಿ

ಇನ್ನು ವ್ಯಾವಹಾರಿಕ ವಿಚಾರಕ್ಕೆ ಬರೋಣ. ಹೊರಗೆ ಹೋಗಲು ಇಂದು ಮುಖ್ಯವಾಗಿ ಮೂರು ದಾರಿಗಳಿವೆ. ಪೂರ್ಣ ಪದವಿಗಾಗಿ ಹೋಗುವುದು ಮೊದಲನೆಯದು. ವಿನಿಮಯ ವಿದ್ಯಾರ್ಥಿಯಾಗಿ ಒಂದು ಸೆಮಿಸ್ಟರ್ ಅಥವಾ ಒಂದು ವರ್ಷ ಹೋಗಿ ಬರುವುದು ಎರಡನೆಯದು. ಮೂರನೆಯದು ನಮ್ಮವರಿಗೆ ಇತ್ತೀಚೆಗಷ್ಟೇ ತೆರೆದದ್ದು: ತಿರುಗಾಡುತ್ತಾ, ಸಣ್ಣಪುಟ್ಟ ಕೆಲಸ ಮಾಡುತ್ತಾ ಒಂದೆರಡು ವರ್ಷ ಇರುವುದು. ಆಸ್ಟ್ರೇಲಿಯಾ 2024ರಲ್ಲಿ ಹದಿನೆಂಟರಿಂದ ಮೂವತ್ತು ವರ್ಷದೊಳಗಿನ ಭಾರತೀಯರಿಗೆ ವರ್ಷಕ್ಕೆ 1,000 ಸ್ಥಾನಗಳ ಇಂಥ ವೀಸಾ ಆರಂಭಿಸಿತು. ಬ್ರಿಟನ್ 2023ರಲ್ಲಿ ಪದವೀಧರ ಯುವಜನರಿಗಾಗಿ 3,000 ಸ್ಥಾನಗಳ ಯೋಜನೆಯೊಂದನ್ನು ತೆರೆಯಿತು. ಎರಡರಲ್ಲೂ ಆಯ್ಕೆ ಲಾಟರಿಯ ಮೂಲಕ. ಆದ್ದರಿಂದ ‘ಹಣ ಕೊಟ್ಟರೆ ಖಂಡಿತ ಕೊಡಿಸುತ್ತೇನೆ’ ಎನ್ನುವ ದಲ್ಲಾಳಿ ಸುಳ್ಳು ಹೇಳುತ್ತಿದ್ದಾನೆಂದು ತಿಳಿಯಿರಿ.

ವಿನಿಮಯ ಯೋಜನೆಗಳ ಬಗ್ಗೆ ನಮ್ಮ ಮನೆಗಳಲ್ಲಿ ತಿಳಿವಳಿಕೆ ಅತ್ಯಲ್ಪ. ಯುರೋಪಿನ ಎರಾಸ್ಮಸ್ ಯೋಜನೆ ಆರಂಭವಾದದ್ದು 1987ರಲ್ಲಿ. 2004ರಿಂದ ಎರಾಸ್ಮಸ್ ಮುಂಡಸ್ ಹೆಸರಿನಲ್ಲಿ ಅದರ ಬಾಗಿಲು ಹೊರಗಿನವರಿಗೂ ತೆರೆಯಿತು. ಆಯ್ಕೆಯಾದ ಸ್ನಾತಕೋತ್ತರ ವಿದ್ಯಾರ್ಥಿ ಒಂದಕ್ಕಿಂತ ಹೆಚ್ಚು ದೇಶಗಳಲ್ಲಿ ಓದುತ್ತಾನೆ, ಪೂರ್ಣ ವಿದ್ಯಾರ್ಥಿವೇತನವೂ ದೊರೆಯುವುದುಂಟು. 2001ರ ಸೆಪ್ಟೆಂಬರ್ ದಾಳಿಗಳ ಬಳಿಕ, ಮುಸ್ಲಿಮರು ಗಣನೀಯ ಸಂಖ್ಯೆಯಲ್ಲಿರುವ ದೇಶಗಳ ಪ್ರೌಢಶಾಲಾ ಮಕ್ಕಳು ಅಮೆರಿಕದ ಕುಟುಂಬಗಳಲ್ಲಿ ಒಂದು ಶಾಲಾವರ್ಷ ಇದ್ದು ಓದಲೆಂದು ಅಲ್ಲಿಯ ಸರಕಾರ 2002ರಲ್ಲಿ ಒಂದು ಯೋಜನೆ ರೂಪಿಸಿತು. ಸೆನೆಟರುಗಳಾದ ಎಡ್ವರ್ಡ್ ಕೆನಡಿ ಮತ್ತು ರಿಚರ್ಡ್ ಲೂಗರ್ ಅವರ ಹೆಸರಿನ ಆ ಯೋಜನೆಯಲ್ಲಿ ಭಾರತದ ಮಕ್ಕಳೂ ಹೋಗಿ ಬಂದಿದ್ದಾರೆ. ಅಮೆರಿಕದ ಯುದ್ಧನೀತಿಯನ್ನು ನಾವು ಕಟುವಾಗಿ ವಿರೋಧಿಸಿದವರೇ. ಆದರೂ ಹದಿನಾರು ವರ್ಷದ ಹುಡುಗಿಯೊಬ್ಬಳು ಅಲ್ಲಿಯ ಮನೆಯೊಂದರ ಊಟದ ಮೇಜಿನಲ್ಲಿ ಕುಳಿತು ತನ್ನ ಉಪವಾಸವೇನು, ತನ್ನ ಹಬ್ಬವೇನು ಎಂದು ವಿವರಿಸಿದರೆ, ನೂರು ಟಿವಿ ಚರ್ಚೆಗಳು ಮಾಡಲಾರದ ಕೆಲಸ ಅಲ್ಲಿ ಆಗುತ್ತದೆ.

ಇನ್ನು ಖರ್ಚು. ಜರ್ಮನಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಅಲ್ಲಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಬೋಧನಾ ಶುಲ್ಕವಿಲ್ಲವೆಂಬುದು ನಿಜ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಹೊರದೇಶದವರಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತಿದೆ. ಇದಲ್ಲದೆ, ಒಂದು ವರ್ಷದ ಜೀವನ ವೆಚ್ಚವನ್ನು ವೀಸಾಕ್ಕೆ ಮೊದಲೇ ವಿಶೇಷ ಖಾತೆಯಲ್ಲಿಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಈ ಮೊತ್ತ 11,904 ಯೂರೋಗೆ ಏರಿತು. ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷ ರೂಪಾಯಿಗೂ ಮಿಕ್ಕಿದ ಹಣ. ಆ ಖಾತೆಯಿಂದ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುತ್ತದೆ. ಅದರಲ್ಲೇ ಬಾಡಿಗೆ, ವಿಮೆ, ಊಟ ಎಲ್ಲವೂ ನಡೆಯಬೇಕು. ‘ಹೋಗಿ ದುಡಿದುಕೊಂಡು ಓದುತ್ತಾನೆ’ ಎನ್ನುವ ಮಾತು ಅರ್ಧ ಸತ್ಯ. ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ಣ ದಿನ, ಆಸ್ಟ್ರೇಲಿಯಾದಲ್ಲಿ ಎರಡು ವಾರಕ್ಕೆ 48 ಗಂಟೆ ಎಂಬಂತೆ ಎಲ್ಲ ಕಡೆಯೂ ಮಿತಿಯಿದೆ. ಮಿತಿ ಮೀರಿದವನು ವೀಸಾ ಕಳೆದುಕೊಳ್ಳುವ ಅಪಾಯವಿದೆ.

ಸರಕಾರದ ನೆರವಿನ ಸ್ಥಿತಿಯನ್ನೂ ಹೇಳಿಬಿಡಬೇಕು. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ಸಹಾಯಧನ ಕೊಡುತ್ತಿದ್ದ ‘ಪಢೋ ಪರ್‌ದೇಶ್’ ಯೋಜನೆಯನ್ನು ಕೇಂದ್ರ ಸರಕಾರ 2022-23ರಿಂದ ನಿಲ್ಲಿಸಿತು. ಮೌಲಾನಾ ಆಝಾದ್ ಹೆಸರಿನ ಸಂಶೋಧನಾ ಫೆಲೋಶಿಪ್ಪೂ ಅದೇ ಅವಧಿಯಲ್ಲಿ ನಿಂತುಹೋಯಿತು. ಬಡವರ ಮಕ್ಕಳ ಎರಡು ಏಣಿಗಳನ್ನು ಹೀಗೆ ಕಿತ್ತುಕೊಂಡದ್ದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಕರ್ನಾಟಕದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವಿದೇಶ ವ್ಯಾಸಂಗಕ್ಕೆ ಸಾಲದ ಯೋಜನೆಯಿದೆ. ಅದರ ನಿಯಮಗಳನ್ನು ದಲ್ಲಾಳಿಯ ಬಾಯಿಂದ ಕೇಳದೆ ನಿಗಮದ ಕಚೇರಿಗೇ ಹೋಗಿ ತಿಳಿದುಕೊಳ್ಳಿ. ಇದರೊಂದಿಗೆ ನಮ್ಮನ್ನೇ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೆ. ಮೂರು ದಿನಗಳ ಮದುವೆಗೆ ಮಂಟಪ, ಮಾಂಸ, ಮೆರವಣಿಗೆಯೆಂದು ಹದಿನೈದು ಲಕ್ಷ ಹೊಂದಿಸಬಲ್ಲ ಸಮುದಾಯಕ್ಕೆ, ಒಂದು ಮೊಹಲ್ಲಾದಿಂದ ಒಬ್ಬ ಪ್ರತಿಭಾವಂತ ಹುಡುಗಿಯನ್ನು ಓದಿಸಲು ಬಡ್ಡಿರಹಿತ ನಿಧಿ ಕೂಡಿಸಲು ಸಾಧ್ಯವಿಲ್ಲವೇ?

ಹುಡುಗಿಯೆಂದು ಉದ್ದೇಶಪೂರ್ವಕವಾಗಿಯೇ ಹೇಳಿದ್ದೇವೆ. ಹೆಣ್ಣುಮಕ್ಕಳು ಒಂಟಿಯಾಗಿ ಪ್ರಯಾಣಿಸುವ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅದನ್ನು ಈ ವೇದಿಕೆಯಲ್ಲಿ ಇತ್ಯರ್ಥಪಡಿಸುವ ಅರ್ಹತೆ ನಮಗಿಲ್ಲ. ಆದರೆ ಮಗನಿಗೆ ನಿವೇಶನ ಮಾರಿ ಟಿಕೆಟು ತೆಗೆಯುವ ಮನೆ, ಅವನಿಗಿಂತ ಹೆಚ್ಚು ಅಂಕ ಗಳಿಸಿದ ಮಗಳಿಗೆ ‘ಕಾಲ ಸರಿಯಿಲ್ಲ’ ಎಂದು ಹೇಳುವುದಾದರೆ, ಅಲ್ಲಿ ಕೆಲಸ ಮಾಡುತ್ತಿರುವುದು ಧರ್ಮವೋ ಜಿಪುಣತನವೋ ಎಂದು ಪರೀಕ್ಷಿಸಿಕೊಳ್ಳಬೇಕು.

ಭಯ ನಿರಾಧಾರವಲ್ಲ

‘ಮುಸ್ಲಿಮ್ ಹೆಸರಿಟ್ಟುಕೊಂಡು ಹೊರದೇಶಕ್ಕೆ ಹೋದರೆ ಏನಾದರೂ ಆದೀತು’ ಎಂಬ ಭಯ ಅನೇಕರಲ್ಲಿದೆ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಡಾ. ಮುಹಮ್ಮದ್ ಹನೀಫ್ ಪ್ರಕರಣವನ್ನು ಬೆಂಗಳೂರು ಹೇಗೆ ಮರೆತೀತು? ಇಲ್ಲಿ ವೈದ್ಯಶಿಕ್ಷಣ ಪಡೆದು ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿದ್ದ ಇಪ್ಪತ್ತೇಳು ವರ್ಷದ ಯುವಕ. ಆಗಷ್ಟೇ ಹುಟ್ಟಿದ ಮಗಳನ್ನು ನೋಡಲು ಬೆಂಗಳೂರಿಗೆ ಹೊರಟವರನ್ನು 2007ರ ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು. ಬ್ರಿಟನ್‌ನಲ್ಲಿದ್ದ ಸಂಬಂಧಿಯೊಬ್ಬನಿಗೆ ಬಿಟ್ಟುಬಂದ ಒಂದು ಸಿಮ್ ಕಾರ್ಡು ಸಂಶಯಕ್ಕೆ ಕಾರಣ. ಆರೋಪ ಹೊರಿಸದೆಯೇ ಹನ್ನೆರಡು ದಿನ ಬಂಧನದಲ್ಲಿಟ್ಟರು. ಜಾಮೀನು ಸಿಕ್ಕಿದ ದಿನವೇ ವೀಸಾ ರದ್ದುಪಡಿಸಿದರು. ಕೊನೆಗೆ ಜುಲೈ 27ರಂದು ಆರೋಪವನ್ನು ಕೈಬಿಡಬೇಕಾಯಿತು. ಅನಂತರದ ತನಿಖಾ ಆಯೋಗವೂ ಅವರ ವಿರುದ್ಧ ಪುರಾವೆಯಿರಲಿಲ್ಲವೆಂದು ಹೇಳಿತು. 2010ರಲ್ಲಿ ಪರಿಹಾರವೂ ದೊರೆಯಿತು.

ಈ ಕಥೆಯ ಅರ್ಧವನ್ನು ಮಾತ್ರ ನಾವು ನಮ್ಮ ಮಕ್ಕಳಿಗೆ ಹೇಳುತ್ತೇವೆ. ಇನ್ನರ್ಧವನ್ನೂ ಹೇಳಬೇಕು. ಆ ದಿನಗಳಲ್ಲಿ ಹನೀಫ್ ಪರವಾಗಿ ನಿಂತವರು ಯಾರು? ಪೀಟರ್ ರೂಸೋ ಎಂಬ ವಕೀಲರು. ಪೊಲೀಸರ ವಿಚಾರಣೆಯ ಲಿಖಿತ ದಾಖಲೆಯನ್ನು ಪತ್ರಿಕೆಗೆ ಬಹಿರಂಗಪಡಿಸಿ ಸರಕಾರದ ಸಿಟ್ಟನ್ನು ಎದುರಿಸಿದ ಸ್ಟೀಫನ್ ಕೀಮ್ ಎಂಬ ಹಿರಿಯ ನ್ಯಾಯವಾದಿ. ಪ್ರಶ್ನೆಗಳನ್ನು ಕೇಳುತ್ತಲೇ ಇದ್ದ ಅಲ್ಲಿಯ ಪತ್ರಕರ್ತರು. ಇವರು ನಮ್ಮ ದೇಶದವರಲ್ಲ, ನಮ್ಮ ಧರ್ಮದವರಲ್ಲ. ಬೆಂಗಳೂರಿನ ಯುವಕನೊಬ್ಬನಿಗೆ ಅವರು ಪಡಬೇಕಾದ ಋಣವೇನೂ ಇರಲಿಲ್ಲ. ಅಲ್ಲಿಯ ಪ್ರಭುತ್ವ ಪರದೇಶಿಯೊಬ್ಬನನ್ನು ಸಂಶಯಿಸಿತು. ಅಲ್ಲಿಯ ಕೆಲವು ನಾಗರಿಕರು ಅವನ ಕೈಹಿಡಿದರು.

ಎರಡು ವರ್ಷಗಳ ಬಳಿಕ, 2009ರಲ್ಲಿ, ಮೆಲ್ಬರ್ನ್‌ನಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಮೇ 31ರಂದು ಸಾವಿರಾರು ವಿದ್ಯಾರ್ಥಿಗಳು ಆ ನಗರದ ಬೀದಿಗಿಳಿದರು. ಇಲ್ಲಿ ನಾವೆಲ್ಲರೂ ಕುದಿದೆವು. ಪತ್ರಿಕೆಗಳು ಬರೆದವು, ಸಂಸದರು ಗುಡುಗಿದರು. ಅತಿಥಿಯಾಗಿ ಬಂದ ವಿದ್ಯಾರ್ಥಿಯನ್ನು ರಾತ್ರಿ ರಸ್ತೆಯಲ್ಲಿ ಹೊಡೆಯುವ ಜನ ನಾಗರಿಕರೇ ಎಂದು ಕೇಳಿದೆವು. ನ್ಯಾಯವಾದ ಪ್ರಶ್ನೆಯೇ ಅದು. ಏಳು ವರ್ಷಗಳೊಳಗೆ ಅದೇ ಪ್ರಶ್ನೆ ನಮ್ಮ ಮನೆಬಾಗಿಲಿಗೆ ಬಂತು.

ಹೆಸರಘಟ್ಟ ರಸ್ತೆಯ ಆ ರಾತ್ರಿ

ಈ ಸಭಾಂಗಣದಿಂದ ಹೆಸರಘಟ್ಟ ರಸ್ತೆಯ ಗಣಪತಿನಗರ ದೂರವೇನಲ್ಲ. 2016ರ ಜನವರಿ 31ರ ರಾತ್ರಿ ಅಲ್ಲಿ ಸುಡಾನ್ ದೇಶದ ವಿದ್ಯಾರ್ಥಿಯೊಬ್ಬ ಚಲಾಯಿಸುತ್ತಿದ್ದ ಕಾರು ಬಡಿದು ಸ್ಥಳೀಯ ಮಹಿಳೆಯೊಬ್ಬರು ಮೃತಪಟ್ಟರು. ಆ ಕುಟುಂಬದ ದುಃಖ ಸಣ್ಣದಲ್ಲ. ತಪ್ಪಿತಸ್ಥನಿಗೆ ಕಾನೂನಿನ ಪ್ರಕಾರ ಶಿಕ್ಷೆಯಾಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮುಂದೆ ನಡೆದದ್ದೇನು? ಅರ್ಧ ಗಂಟೆಯ ಬಳಿಕ ಬೇರೊಂದು ಕಾರಿನಲ್ಲಿ ಗೆಳೆಯರೊಂದಿಗೆ ಅದೇ ದಾರಿಯಲ್ಲಿ ಬಂದ ಇಪ್ಪತ್ತೊಂದು ವರ್ಷದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಎರಗಿತು. ಆಕೆ ಸುಡಾನಿನವಳಲ್ಲ. ಅಪಘಾತದ ವಿಷಯ ಆಕೆಗೆ ಗೊತ್ತೇ ಇರಲಿಲ್ಲ. ಗುಂಪಿಗೆ ಅದು ಬೇಕಾಗಿರಲಿಲ್ಲ. ಮೈಬಣ್ಣವೊಂದೇ ಸಾಕಾಯಿತು. ಆಕೆಯನ್ನು ಎಳೆದಾಡಿ ಹೊಡೆದರು, ಬಟ್ಟೆ ಹರಿದರು, ಕಾರಿಗೆ ಬೆಂಕಿಯಿಟ್ಟರು. ಆಕೆಗೆ ಅಂಗಿ ಕೊಡಲು ಬಂದ ದಾರಿಹೋಕನಿಗೂ ಪೆಟ್ಟು ಬಿತ್ತೆಂದು ಆಗಿನ ವರದಿಗಳು ಹೇಳಿದವು.

ತಾಂಜಾನಿಯಾದ ರಾಯಭಾರಿ ಬೆಂಗಳೂರಿಗೆ ಬಂದರು. ಬಂಧನಗಳಾದವು, ಪೊಲೀಸರ ಅಮಾನತೂ ಆಯಿತು. ಇದು ಜನಾಂಗೀಯ ದಾಳಿಯಲ್ಲ, ಅಪಘಾತಕ್ಕೆ ಬಂದ ಪ್ರತಿಕ್ರಿಯೆಯೆಂದು ಆಗಿನ ರಾಜ್ಯ ಗೃಹಸಚಿವರು ಹೇಳಿದರು. ಸುಡಾನಿನವನ ತಪ್ಪಿಗೆ ತಾಂಜಾನಿಯಾದವಳಿಗೆ ಏಟು ಕೊಟ್ಟರೆ ಅದಕ್ಕೆ ಬೇರಾವ ಹೆಸರಿದೆ? ಯಾರೋ ಮಾಡಿದ ಕೃತ್ಯಕ್ಕೆ ಅದೇ ಬಣ್ಣದ, ಅದೇ ಗಡ್ಡದ, ಅದೇ ಹೆಸರಿನ ಇನ್ನೊಬ್ಬನನ್ನು ಹೊಣೆಯಾಗಿಸುವುದರ ನೋವು ನಮಗಿಂತ ಚೆನ್ನಾಗಿ ಬಲ್ಲವರು ಯಾರು?

ಈಗ ನಾವು ಮೊದಲೇ ಹೇಳಿದ ಕಹಿ ಪ್ರಶ್ನೆ. ಹನೀಫ್‌ಗಾಗಿ ರೂಸೋ ಮತ್ತು ಕೀಮ್ ನಿಂತರು. ಹೆಸರಘಟ್ಟ ರಸ್ತೆಯ ಆ ಹುಡುಗಿಗಾಗಿ ನಾವೆಷ್ಟು ಮಂದಿ ನಿಂತೆವು? ಎಷ್ಟು ಮಸೀದಿಗಳಲ್ಲಿ ಆ ಶುಕ್ರವಾರ ಆಕೆಯ ವಿಷಯ ಪ್ರಸ್ತಾಪವಾಯಿತು? ನಮ್ಮಲ್ಲಿ ಎಷ್ಟು ಮಂದಿಗೆ ಆ ಘಟನೆ ಇಂದು ನೆನಪಿದೆ?

ನಮ್ಮ ಪರಿಚಯದ ಕುಟುಂಬವೊಂದರ ಅನುಭವವನ್ನು ಹೇಳುತ್ತೇವೆ. ತಂದೆ ಇಲ್ಲೇ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷ ಲೇತ್ ಯಂತ್ರದ ಮುಂದೆ ನಿಂತವರು. ತುಮಕೂರಿನ ದಾರಿಯಲ್ಲಿದ್ದ ಅರ್ಧ ನಿವೇಶನವನ್ನು ಮಾರಿ, ಹೆಂಡತಿಯ ಬಳೆಗಳನ್ನೂ ಮಾರಿ ಮಗನನ್ನು ಜರ್ಮನಿಗೆ ಕಳುಹಿಸಿದರು. ಹುಡುಗ ತಲುಪಿದ್ದು ಶನಿವಾರ ತಡರಾತ್ರಿ. ಮರುದಿನ ಭಾನುವಾರ. ಆ ದೇಶದಲ್ಲಿ ಭಾನುವಾರ ಅಂಗಡಿಗಳು ತೆರೆಯುವುದಿಲ್ಲವೆಂದು ಇವನಿಗೆ ಯಾರೂ ಹೇಳಿರಲಿಲ್ಲ. ತಾಯಿ ಕಟ್ಟಿಕೊಟ್ಟಿದ್ದ ರೊಟ್ಟಿ ವಿಮಾನದಲ್ಲೇ ಮುಗಿದಿತ್ತು. ಮಧ್ಯಾಹ್ನದ ಹೊತ್ತಿಗೆ ಹಾಸ್ಟೆಲಿನ ಅಡುಗೆಮನೆಯಲ್ಲಿ ಬರೀ ನೀರು ಕುಡಿಯುತ್ತಾ ನಿಂತವನನ್ನು ಎದುರು ಕೋಣೆಯ ವಿದ್ಯಾರ್ಥಿ ಕಂಡ. ಕ್ಯಾಮರೂನ್ ದೇಶದವನು. ಏನೊಂದೂ ಕೇಳದೆ ತನ್ನ ಅನ್ನದ ಪಾತ್ರೆಯನ್ನು ಮೇಜಿನ ನಡುವೆ ಇಟ್ಟು ಇನ್ನೊಂದು ತಟ್ಟೆ ತಂದ. ಮರುದಿನ ಹೆಸರು ನೋಂದಾಯಿಸುವ ಕಚೇರಿಗೂ ಅವನೇ ಕರೆದುಕೊಂಡು ಹೋದ.

ರಾತ್ರಿ ಹುಡುಗ ಮನೆಗೆ ಫೋನ್ ಮಾಡಿದ. ತಾಯಿ ಊಟದ ವಿಷಯ ಕೇಳಿದರು. ಅವನು ನಡೆದದ್ದನ್ನು ಹೇಳಿ ಕೊನೆಗೆ, “ಅಬ್ಬಾ, ನಮ್ಮ ಮಹಡಿ ಮನೆ ಕೇಳಲು ಬಂದಿದ್ದರಲ್ಲ, ಆ ಹುಡುಗರೂ ಇವನ ಹಾಗೆಯೇ ಇದ್ದರು” ಎಂದ. ಅಷ್ಟೇ. ತಂದೆಯೇ ಇದನ್ನು ನಮಗೆ ಹೇಳಿದರು. ಹಿಂದಿನ ವರ್ಷ ಇಬ್ಬರು ಆಫ್ರಿಕನ್ ವಿದ್ಯಾರ್ಥಿಗಳು ಬಾಡಿಗೆಗೆ ಮನೆ ಕೇಳಿ ಬಂದಾಗ, ‘ಖಾಲಿಯಿದೆ’ ಎಂಬ ಫಲಕ ಗೇಟಿನಲ್ಲಿ ನೇತಾಡುತ್ತಿದ್ದರೂ ಅವರು ಇಲ್ಲವೆಂದು ಕಳುಹಿಸಿದ್ದರು. “ನಾನು ಕೊಡದ ಮನೆಯ ಬಾಡಿಗೆಯನ್ನು ಅವರು ಅನ್ನದಲ್ಲಿ ತೀರಿಸಿದರು” ಎಂದು ಹೇಳುವಾಗ ಆ ಹಿರಿಯರ ಕಣ್ಣು ತೇವವಾಗಿತ್ತು.

ಅವರನ್ನು ನಾವು ದೂರುವುದಿಲ್ಲ. ನಾವೂ ಅವರಂತೆಯೇ. ಈ ನಗರದಲ್ಲಿ ಹೆಸರು ಕೇಳಿದೊಡನೆ ಮನೆ ಖಾಲಿಯಿಲ್ಲವಾಗುವ ಅನುಭವ ನಮ್ಮವರಿಗೆ ಎಷ್ಟಾಗಿಲ್ಲ! ಆ ಅವಮಾನವನ್ನು ನುಂಗಿಕೊಂಡು ಸ್ವಂತ ಮನೆ ಕಟ್ಟಿದವರು, ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಡುವಾಗ ಅದೇ ನಾಲಗೆಯಲ್ಲಿ ಅದೇ ಮಾತು ಆಡುವುದು ಎಂಥ ವಿಪರ್ಯಾಸ!

ನಾವು ಮಾಡಬಹುದಾದದ್ದು

ಈ ವಿದ್ಯಾರ್ಥಿಗಳು ನಮ್ಮ ದೇಶಕ್ಕೆ ಕಳ್ಳದಾರಿಯಿಂದ ಬಂದವರಲ್ಲ. ಅವರಲ್ಲಿ ಕೆಲವರು ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಮಂಡಳಿಯ ವಿದ್ಯಾರ್ಥಿವೇತನ ಪಡೆದು ಬಂದವರು. ಆ ಮಂಡಳಿಯನ್ನು 1950ರಲ್ಲಿ ಸ್ಥಾಪಿಸಿದವರು ಸ್ವತಂತ್ರ ಭಾರತದ ಮೊದಲ ಶಿಕ್ಷಣ ಮಂತ್ರಿ ಮೌಲಾನಾ ಅಬುಲ್ ಕಲಾಂ ಆಝಾದ್. ಮಕ್ಕಾದಲ್ಲಿ ಹುಟ್ಟಿ ಕಲ್ಕತ್ತೆಯಲ್ಲಿ ಬೆಳೆದ ಅವರಿಗೆ ದೇಶದೇಶಗಳ ನಡುವಿನ ವಿದ್ಯೆಯ ಕೊಡುಕೊಳೆಯ ಮಹತ್ವ ತಿಳಿದಿತ್ತು. ಆಝಾದರ ಹೆಸರನ್ನು ನಮ್ಮ ಶಾಲೆಗಳಿಗೆ ಇಡುವ ನಾವು, ಅವರು ಕರೆದ ಅತಿಥಿಗಳನ್ನು ಬೀದಿಯಲ್ಲಿ ಅಡ್ಡಹೆಸರಿನಿಂದ ಕೂಗಬಹುದೇ?

ಮನೆ ಬಾಡಿಗೆಗೆ ಕೊಡುವವರು ಕಾನೂನಿನ ಭಯವನ್ನು ಮುಂದೊಡ್ಡುತ್ತಾರೆ. ಕಾನೂನು ಕೇಳುವುದು ಇಷ್ಟೇ: ವಿದೇಶಿಯರು ಬಂದು ತಂಗಿದ 24 ಗಂಟೆಯೊಳಗೆ ಅವರ ವಿವರವನ್ನು ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನ್ ಮೂಲಕ ಸಲ್ಲಿಸಬೇಕು. ಪಾಸ್‌ಪೋರ್ಟ್, ವೀಸಾ ಪರಿಶೀಲಿಸಿ, ಕರಾರು ಮಾಡಿಕೊಳ್ಳಿ. ಪಕ್ಕದ ಮನೆಯವನಿಗೆ ಹೇಳಿದ ಬಾಡಿಗೆಯನ್ನೇ ಅವರಿಗೂ ಹೇಳಿ. ಬಾಡಿಗೆದಾರ ತಪ್ಪು ಮಾಡಿದರೆ ಪೊಲೀಸರಿದ್ದಾರೆ. ಆದರೆ ಒಬ್ಬನ ತಪ್ಪನ್ನು ಒಂದು ಖಂಡದ ಮೇಲೆ ಹೊರಿಸಬೇಡಿ.

ಶುಕ್ರವಾರ ನಮ್ಮ ಮಸೀದಿಗಳಲ್ಲಿ ಸುಡಾನ್, ಸೋಮಾಲಿಯಾ, ಯೆಮನ್ ದೇಶಗಳ ವಿದ್ಯಾರ್ಥಿಗಳೂ ನಮಾಝಿಗೆ ನಿಲ್ಲುತ್ತಾರೆ. ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ನಾವು, ಚಪ್ಪಲಿ ಮೆಟ್ಟಿದೊಡನೆ ಪರಸ್ಪರ ಅಪರಿಚಿತರಾಗಿಬಿಡುತ್ತೇವೆ. ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ದಾರಿಹೋಕನೂ ಒಬ್ಬನೆಂಬುದನ್ನು ಮದ್ರಸದ ಮಕ್ಕಳೂ ಬಲ್ಲರು. ರಮಝಾನಿನ ಒಂದು ಸಂಜೆ ಅವರನ್ನು ಮನೆಗೆ ಕರೆಯಿರಿ. ಇಷ್ಟಕ್ಕೇ ನಿಲ್ಲಬಾರದು. ತಾಂಜಾನಿಯಾದ ಕ್ರೈಸ್ತ ಹುಡುಗಿಯೂ ಅಸ್ಸಾಮಿನ ಕಾವಲುಗಾರನೂ ಬಿಹಾರದ ಕಾರ್ಮಿಕನೂ ಇಲ್ಲಿ ದಾರಿಹೋಕರೇ. 2012ರ ಆಗಸ್ಟಿನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಗುವಾಹಟಿಯ ರೈಲು ಹತ್ತಿದ್ದನ್ನು ನೆನಪಿಸಿಕೊಳ್ಳಿ. ಮುಸ್ಲಿಮರು ದಾಳಿ ಮಾಡುತ್ತಾರೆಂಬುದೇ ಆ ವದಂತಿ. ಅಂದು ನಮ್ಮ ಹಿರಿಯರೂ ಯುವಕರೂ ರೈಲು ನಿಲ್ದಾಣಕ್ಕೆ ಹೋಗಿ, ‘ಹೋಗಬೇಡಿ, ನಾವಿದ್ದೇವೆ’ ಎಂದು ಧೈರ್ಯ ಹೇಳಿದರು. ನಮ್ಮಿಂದ ಅದು ಸಾಧ್ಯವಾಗಿತ್ತು. ಈಗಲೂ ಸಾಧ್ಯವಿದೆ.

ಹೊರಡಲಿರುವ ಯುವಕ ಯುವತಿಯರಿಗೂ ಒಂದೆರಡು ಮಾತು. ಹೋಗುವ ದೇಶದ ಭಾಷೆಯನ್ನು ಪಿಯುಸಿಯಿಂದಲೇ ಕಲಿಯಲು ತೊಡಗಿ. ಸಾಲದ ಪ್ರತಿ ರೂಪಾಯಿಯನ್ನೂ ಬರೆದಿಡಿ. ಕಷ್ಟಗಳನ್ನು ಮನೆಯವರಿಂದ ಪೂರ್ತಿ ಮುಚ್ಚಿಡಬೇಡಿ. ತಲುಪಿದೊಡನೆ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ತೊಂದರೆಯಾದರೆ ದೂರು ಕೊಡಲು 2015ರಲ್ಲಿ ಆರಂಭವಾದ ‘ಮದದ್’ ಜಾಲತಾಣವಿದೆ. ನಮ್ಮವರ ಗುಂಪಿನಲ್ಲೇ ಅಡಗಿ ಕುಳಿತರೆ ಅಷ್ಟು ದೂರ ಹೋದ ಪ್ರಯೋಜನವೇನು? ಎಲ್ಲಕ್ಕಿಂತ ಮೊದಲು, ಹೊರಡುವ ಮುನ್ನ ನಿಮ್ಮ ಕಾಲೇಜಿನಲ್ಲೇ ಓದುತ್ತಿರುವ ಹೊರದೇಶದ ಸಹಪಾಠಿಯೊಬ್ಬನ ಬಳಿ ಹೋಗಿ ಕುಳಿತು ಮಾತನಾಡಿ. ಪರದೇಶದಲ್ಲಿ ಬದುಕುವುದು ಹೇಗೆಂದು ಅವನಿಗಿಂತ ಚೆನ್ನಾಗಿ ಯಾವ ಏಜೆಂಟನೂ ಹೇಳಿಕೊಡಲಾರ.

ಕನ್ನಡದಲ್ಲಿ ಪರದೇಶಿ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಬೇರೆ ದೇಶದವನು ಎಂಬುದು ಒಂದು. ಯಾರೂ ದಿಕ್ಕಿಲ್ಲದವನು ಎಂಬುದು ಇನ್ನೊಂದು. ನಮ್ಮ ಮಕ್ಕಳು ಮೊದಲ ಅರ್ಥದಲ್ಲಿ ಪರದೇಶಿಗಳಾಗಲಿ, ಎರಡನೆಯ ಅರ್ಥದಲ್ಲಿ ಎಂದಿಗೂ ಆಗದಿರಲಿ ಎಂದು ನಾವೆಲ್ಲರೂ ಪ್ರಾರ್ಥಿಸುತ್ತೇವೆ. ಇದೇ ಪ್ರಾರ್ಥನೆಯನ್ನು ಖಾರ್ತೂಮಿನಲ್ಲಿ, ದಾರ್-ಎಸ್-ಸಲಾಮಿನಲ್ಲಿ ಕುಳಿತ ತಾಯಂದಿರೂ ಮಾಡುತ್ತಿದ್ದಾರೆ. ಅವರ ಮಕ್ಕಳು ಇಂದು ರಾತ್ರಿ ಹೆಸರಘಟ್ಟ ರಸ್ತೆಯ ಬಾಡಿಗೆ ಕೋಣೆಗಳಲ್ಲಿ ಮಲಗುತ್ತಾರೆ. ಅವರ ಪ್ರಾರ್ಥನೆಗೆ ಉತ್ತರವಾಗುವ ಅವಕಾಶ ನಮ್ಮ ಬೀದಿಯಲ್ಲೇ ಇದೆ. ನಮ್ಮ ಕರಾವಳಿಯ ಹಿರಿಯರು ದಾರಿಯುದ್ದಕ್ಕೂ ನೀರಿಟ್ಟು ಕಾದಿದ್ದರು. ನಾವು ಕನಿಷ್ಠ ಒಂದು ಸಲಾಮ್ ಹೇಳಿ, ಹೆಸರು ಕೇಳಿ, ನಾಲ್ಕು ಹೆಜ್ಜೆ ಜೊತೆಗೆ ನಡೆಯೋಣ.

ಅಲ್ಲಾಹನು ನಮ್ಮ ಮಕ್ಕಳ ಪಯಣವನ್ನು ಸುಗಮಗೊಳಿಸಲಿ, ನಮ್ಮ ಬಾಗಿಲುಗಳನ್ನು ವಿಶಾಲಗೊಳಿಸಲಿ.